ಪರೀಕ್ಷಾ ಕೇಂದ್ರ ಯಾಕೆ ಅಷ್ಟು ದೂರ? ಲೇಹ್‌ನಿಂದ ಬೈಂದೂರಿನವರೆಗೆ ಒಂದೇ ಲೆಕ್ಕ

ನೀಟ್, ಜೆಇಇಯಂಥ ಪ್ರವೇಶ ಪರೀಕ್ಷೆ ಯಾವ ಊರಿನಲ್ಲಿ ಎಂದು ತಿಳಿಸುವ ಸಿಟಿ ಸ್ಲಿಪ್ ಬಂದ ದಿನ ಮಂಗಳೂರು, ಉಡುಪಿಯ ಪಿಯು ಕಾಲೇಜುಗಳಲ್ಲಿ ಒಂದೇ ಮಾತು: ನಿನಗೆ ಎಲ್ಲಿ ಬಂತು? ಕೇಳಿದ ಊರೇ ಸಿಕ್ಕವರು ನಿರಾಳ. ಬೇರೆ ಜಿಲ್ಲೆ ಬಂದವರ ಮನೆಯಲ್ಲಿ ಆ ರಾತ್ರಿಯೇ ಲೆಕ್ಕ ಶುರುವಾಗುತ್ತದೆ. ಬಸ್ಸೋ ರೈಲೋ, ಹಿಂದಿನ ದಿನವೇ ಹೊರಡಬೇಕೋ, ಜೊತೆಗೆ ಯಾರು ಹೋಗುವುದು, ಉಳಿಯುವುದೆಲ್ಲಿ.

ಇದರ ನಡುವೆ ಪತ್ರಿಕೆಗಳಲ್ಲಿ ಬರುವ ಸುದ್ದಿಗಳು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಪೆನ್ನು-ಪೇಪರ್ ಬಿಟ್ಟು ಕಂಪ್ಯೂಟರ್ ಕಡೆ ಹೋಗಬೇಕು ಎಂದು ತಜ್ಞರ ಸಮಿತಿ ಹೇಳಿದೆ. ವೈದ್ಯರ ಪಿಜಿ ಪರೀಕ್ಷೆ ಒಂದೇ ಶಿಫ್ಟ್‌ನಲ್ಲಿ ಆಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ದೂರದ ಪ್ರದೇಶಗಳಿಗೆ ಸಂಚಾರಿ ಪರೀಕ್ಷಾ ಕೇಂದ್ರ ಕಳಿಸಬೇಕು ಎಂಬ ಶಿಫಾರಸೂ ಇದೆ. ಒಂದೊಂದಾಗಿ ಓದಿದರೆ ಇವಕ್ಕೆ ಪರಸ್ಪರ ಸಂಬಂಧವೇ ಇಲ್ಲ ಅನ್ನಿಸುತ್ತದೆ.

ಸಂಬಂಧ ಉಂಟು. ಪರೀಕ್ಷೆಯನ್ನು ಯಾವ ರೀತಿ ನಡೆಸಬೇಕು ಎಂದು ದೆಹಲಿಯಲ್ಲಿ ತೀರ್ಮಾನವಾದಾಗಲೆಲ್ಲ ಯಾವುದೋ ಊರಿನ ಹುಡುಗಿ ಎಷ್ಟು ದೂರ ಪ್ರಯಾಣ ಮಾಡಬೇಕು ಅನ್ನುವುದೂ ತೀರ್ಮಾನವಾಗುತ್ತದೆ. ಆ ಎರಡನೇ ತೀರ್ಮಾನವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕರಾವಳಿಯಲ್ಲಿ ಕಾಲೇಜುಗಳು ತುಂಬಿರುವುದರಿಂದ ಇಲ್ಲಿ ಕೂತು ನೋಡಿದರೆ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ದೇಶದ ಉತ್ತರ ತುದಿಯಿಂದ ನೋಡಿದರೆ ಸ್ಪಷ್ಟವಾಗಿ ಕಾಣುತ್ತದೆ.

ಊರು ಮೊದಲು, ಕಟ್ಟಡ ಆಮೇಲೆ

ಮೊದಲು ಕ್ರಮ ತಿಳಿದುಕೊಳ್ಳೋಣ. ವೈದ್ಯಕೀಯ ಪ್ರವೇಶದ ನೀಟ್, ಇಂಜಿನಿಯರಿಂಗ್‌ನ ಜೆಇಇ ಮೇನ್, ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ ಮೂರನ್ನೂ ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ. ಅರ್ಜಿ ಹಾಕುವಾಗ ವಿದ್ಯಾರ್ಥಿ ಪಟ್ಟಿಯಲ್ಲಿರುವ ಊರುಗಳನ್ನು ತನ್ನ ಇಷ್ಟದ ಕ್ರಮದಲ್ಲಿ ಗುರುತಿಸುತ್ತಾನೆ. ಆ ಪಟ್ಟಿಯಲ್ಲಿ ಯಾವ ಊರುಗಳು ಕಾಣುತ್ತವೆ ಅನ್ನುವುದು ಕೊಟ್ಟ ವಿಳಾಸದ ಮೇಲೆ ನಿಂತಿದೆ. ಪರೀಕ್ಷೆಗೆ ಕೆಲವು ದಿನ ಮೊದಲು ಸಿಟಿ ಸ್ಲಿಪ್ ಬರುತ್ತದೆ. ಅದರಲ್ಲಿ ಇರುವುದು ಊರಿನ ಹೆಸರು ಮಾತ್ರ. ಯಾವ ಶಾಲೆ, ಯಾವ ರಸ್ತೆ ಅನ್ನುವುದು ಹಾಲ್ ಟಿಕೆಟ್ ಬಂದ ಮೇಲೆಯೇ ಗೊತ್ತಾಗುವುದು. 2025ರ ನೀಟ್ ಮೇ 4ಕ್ಕೆ ಇತ್ತು. ಹಾಲ್ ಟಿಕೆಟ್ ಸಿಕ್ಕಿದ್ದು ಏಪ್ರಿಲ್ 30ಕ್ಕೆ. ನಡುವೆ ಉಳಿದದ್ದು ನಾಲ್ಕೇ ದಿನ.

ಇಷ್ಟು ತಡ ಯಾಕೆ? ಕಟ್ಟಡ ಯಾವುದು ಎಂದು ಮೊದಲೇ ಗೊತ್ತಾದರೆ ಅಲ್ಲಿನ ಸಿಬ್ಬಂದಿಯನ್ನು ಹಿಡಿಯಲು ದುರುಳರಿಗೆ ಸಮಯ ಸಿಗುತ್ತದೆ. ಕಾರಣ ಸರಿಯಾದದ್ದೇ. ಆದರೆ ಇದೇ ಗುಟ್ಟು ಮಂಗಳೂರು ಪಕ್ಕದ ಸೋಮೇಶ್ವರದ ಮಗುವಿಗೂ ಕೊಲ್ಲೂರಿನ ಮಗುವಿಗೂ ಒಂದೇ ತೂಕದ್ದಲ್ಲ. ನಗರದ ಪಕ್ಕದಲ್ಲಿರುವವರಿಗೆ ನಾಲ್ಕು ದಿನ ಧಾರಾಳ. ಇನ್ನೊಂದು ಜಿಲ್ಲೆಗೆ ಹೋಗಬೇಕಾದವರಿಗೆ ಅಷ್ಟರಲ್ಲಿ ಕೇಂದ್ರದ ಹತ್ತಿರ ಉಳಿಯಲು ಜಾಗ ಹುಡುಕುವುದೇ ಕಷ್ಟ.

ನಮ್ಮ ರಾಜ್ಯದ ಸಿಇಟಿ ಜೊತೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪೆನ್ನಿನಿಂದ ವೃತ್ತ ತುಂಬುವ ಓಎಂಆರ್ ಹಾಳೆಯಲ್ಲಿ ಪರೀಕ್ಷೆ ನಡೆಸುತ್ತದೆ, ಪಿಯು ಕಾಲೇಜುಗಳನ್ನೇ ಕೇಂದ್ರ ಮಾಡಿಕೊಳ್ಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ 700ಕ್ಕೂ ಹೆಚ್ಚು ಕೇಂದ್ರಗಳಿದ್ದವು. ಪಿಯು ಕಾಲೇಜು ಇಲ್ಲದ ತಾಲೂಕು ಇಲ್ಲ. ಹಾಗಾಗಿ ಸಿಇಟಿ ಕೇಂದ್ರ ದೂರ ಆಯಿತು ಎಂಬ ದೂರು ಅಷ್ಟಾಗಿ ಕೇಳುವುದಿಲ್ಲ.

ಪೇಪರಿಗೆ ಬೆಂಚು ಸಾಕು

ಪೆನ್ನು-ಪೇಪರ್ ಪರೀಕ್ಷೆಗೆ ಬೇಕಾದ್ದು ಬೆಂಚು, ಕೊಠಡಿ, ಮೇಲ್ವಿಚಾರಕರು, ಪೊಲೀಸರು. ಜೊತೆಗೆ ಪ್ರಶ್ನೆಪತ್ರಿಕೆ ಇಡಲು ಹತ್ತಿರದಲ್ಲೊಂದು ಬ್ಯಾಂಕಿನ ಭದ್ರ ಕೊಠಡಿ. 2024ರ ನೀಟ್ ಪತ್ರಿಕೆಗಳನ್ನು ಸ್ಟೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಶಾಖೆಗಳಲ್ಲಿ ಇಟ್ಟಿದ್ದರು. ಇಂಥ ಪರೀಕ್ಷೆಯನ್ನು ಸಣ್ಣ ಊರಿಗೂ ಕೊಂಡೊಯ್ಯಬಹುದು.

ಆದರೆ ಊರುಗಳು ಹೆಚ್ಚಿದಷ್ಟೂ ಪತ್ರಿಕೆ ಸಾಗಿಸುವ ದಾರಿ ಉದ್ದವಾಗುತ್ತದೆ, ಪೆಟ್ಟಿಗೆ ಹಾದುಹೋಗುವ ಕೈಗಳು ಹೆಚ್ಚುತ್ತವೆ. 2024ರ ಮೇ 5ರಂದು ಆದದ್ದು ಅದೇ. 23 ಲಕ್ಷಕ್ಕೂ ಹೆಚ್ಚು ಮಕ್ಕಳು 4,750 ಕೇಂದ್ರಗಳಲ್ಲಿ ಬರೆದ ಆ ನೀಟ್‌ನಲ್ಲಿ ಹಜಾರಿಬಾಗ್ ಮತ್ತು ಪಟ್ನಾದಲ್ಲಿ ಪತ್ರಿಕೆ ಸೋರಿದ್ದು ನಿಜ ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ಇಡೀ ಪರೀಕ್ಷೆ ರದ್ದು ಮಾಡುವಷ್ಟು ಅದು ಹರಡಿಲ್ಲ ಎಂದೂ ಹೇಳಿತು.

ಕಂಪ್ಯೂಟರ್ ಪರೀಕ್ಷೆಯಲ್ಲಿ ಪೆಟ್ಟಿಗೆ ಇಲ್ಲ, ಲಾರಿ ಇಲ್ಲ. ಪ್ರಶ್ನೆಗಳು ಬೀಗ ಹಾಕಿದ ಕಡತವಾಗಿ ಕೇಂದ್ರದ ಸರ್ವರ್‌ಗೆ ಬರುತ್ತವೆ, ಅಲ್ಲಿಂದ ಲ್ಯಾಬಿನ ಕಂಪ್ಯೂಟರುಗಳಿಗೆ ಹೋಗುತ್ತವೆ. ಸೋರುವ ಒಂದು ದಾರಿ ಮುಚ್ಚಿತು. ಆದರೆ ಈಗ ಬೇಕಾದ್ದು ನೂರಾರು ಒಳ್ಳೆಯ ಕಂಪ್ಯೂಟರು, ಅವಕ್ಕೆ ಯುಪಿಎಸ್, ಜನರೇಟರ್, ಸಿಸಿಟಿವಿ, ಕೆಟ್ಟರೆ ಸರಿಮಾಡುವ ಜನ. ಇದೆಲ್ಲ ಇರುವುದು ಇಂಜಿನಿಯರಿಂಗ್ ಕಾಲೇಜುಗಳಲ್ಲಿ, ಇಲ್ಲವೇ ಪರೀಕ್ಷೆಗೆಂದೇ ಕಟ್ಟಿದ ಖಾಸಗಿ ಲ್ಯಾಬ್‌ಗಳಲ್ಲಿ. ಎರಡೂ ನಗರದ ಸುತ್ತಲೇ ಬೆಳೆದವು. ಬ್ಯಾಂಕ್ ಮತ್ತು ಶಾಲೆ ಇರುವ ಊರುಗಳ ಪಟ್ಟಿಗೂ ದೊಡ್ಡ ಲ್ಯಾಬ್ ಇರುವ ಊರುಗಳ ಪಟ್ಟಿಗೂ ಇರುವ ಅಂತರವೇ ನಮ್ಮ ಸಮಸ್ಯೆ.

ಸಿಯುಇಟಿ ಈ ಅಂತರದಲ್ಲಿ ಸಿಕ್ಕಿಕೊಂಡು ಒದ್ದಾಡಿದೆ. 2022ರಲ್ಲಿ ಪದವಿ ಪ್ರವೇಶಕ್ಕೆ ಇದು ಶುರುವಾದಾಗ ಪೂರ್ತಿ ಕಂಪ್ಯೂಟರ್. ಕೇಂದ್ರಗಳಲ್ಲಿ ತೊಂದರೆಯಾಗಿ ಹಲವೆಡೆ ಪರೀಕ್ಷೆ ಮುಂದೂಡಬೇಕಾಯಿತು. 2024ರಲ್ಲಿ ಹೆಚ್ಚು ಮಕ್ಕಳಿರುವ ವಿಷಯಗಳನ್ನು ಓಎಂಆರ್‌ಗೆ ತಂದರು. ಹಳ್ಳಿಯ ಮಕ್ಕಳಿಗೆ ಕೇಂದ್ರ ಹತ್ತಿರ ಸಿಗುತ್ತದೆ ಅನ್ನುವುದೇ ಆಗ ಕೊಟ್ಟ ಕಾರಣ. 2025ರಲ್ಲಿ ಮತ್ತೆ ಪೂರ್ತಿ ಕಂಪ್ಯೂಟರ್. ಎರಡು ಬದಲಾವಣೆಗೂ ಕಾರಣ ಇತ್ತು. ಆದರೆ ಕಾಸರಗೋಡಿನ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ, ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಸೇರಲು ಹೊರಟ ಮಗುವಿಗೆ ಪ್ರತಿ ವರ್ಷ ನಿಯಮ ಹೊಸದು.

ಲೇಹ್‌ನಿಂದ ನೋಡಿದರೆ

ಈಗ ಉತ್ತರಕ್ಕೆ ಹೋಗೋಣ. ಲಡಾಖ್ 2019ರ ಅಕ್ಟೋಬರ್ 31ರಂದು ಕೇಂದ್ರಾಡಳಿತ ಪ್ರದೇಶವಾಯಿತು. ವಿಸ್ತೀರ್ಣ ಸುಮಾರು 59,000 ಚದರ ಕಿ.ಮೀ. ನಮ್ಮ ದಕ್ಷಿಣ ಕನ್ನಡ ಮತ್ತು ಉಡುಪಿ ಎರಡೂ ಸೇರಿದರೂ 8,500ರ ಆಸುಪಾಸು. ಜನಸಂಖ್ಯೆ ನೋಡಿದರೆ ಲೆಕ್ಕ ಪೂರಾ ತಿರುಗುತ್ತದೆ. 2011ರ ಜನಗಣತಿಯಂತೆ ಲಡಾಖ್‌ನಲ್ಲಿ 2.74 ಲಕ್ಷ ಜನ. ನಮ್ಮ ಎರಡು ಜಿಲ್ಲೆಗಳಲ್ಲಿ 32 ಲಕ್ಷಕ್ಕೂ ಹೆಚ್ಚು.

ಇದರ ಅರ್ಥ ಏನು? ಪರೀಕ್ಷೆ ನಡೆಸುವವರು ಕೇಂದ್ರದ ಖರ್ಚನ್ನು ತಲೆಗೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಐನೂರು ಮಕ್ಕಳು ಒಂದೇ ಕಟ್ಟಡದಲ್ಲಿ ಕೂತರೆ ತಲಾ ಖರ್ಚು ಕಡಿಮೆ. ಐವತ್ತು ಮಕ್ಕಳಿಗಾಗಿ ಅದೇ ಸಿಸಿಟಿವಿ, ಅದೇ ವೀಕ್ಷಕರು, ಅದೇ ಪೊಲೀಸ್ ವ್ಯವಸ್ಥೆ ಮಾಡಿದರೆ ಖರ್ಚು ಏರುತ್ತದೆ. ಹಾಗಾಗಿ ಜನ ವಿರಳವಾಗಿರುವ ಕಡೆ ಕೇಂದ್ರವೂ ವಿರಳ. ಆದರೆ ಉಳಿತಾಯವಾದ ಆ ಹಣ ಎಲ್ಲೂ ಮಾಯವಾಗಿಲ್ಲ. ಅದು ಬಸ್ ಚಾರ್ಜು, ವಿಮಾನದ ಟಿಕೆಟ್, ಲಾಡ್ಜ್ ಬಾಡಿಗೆಯಾಗಿ ಮನೆಯವರ ತಲೆ ಮೇಲೆ ಕೂತಿದೆ. ಸಂಸ್ಥೆಯ ಲೆಕ್ಕಪುಸ್ತಕದಲ್ಲಿ ಮಾತ್ರ ಕಾಣುವುದಿಲ್ಲ, ಅಷ್ಟೇ.

ಲಡಾಖ್‌ನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೂ ಸಾಲದು. ಶ್ರೀನಗರದಿಂದ ಲೇಹ್‌ಗೆ ರಸ್ತೆಯಲ್ಲಿ 400 ಕಿ.ಮೀ.ಗೂ ಹೆಚ್ಚು. ಕಾರ್ಗಿಲ್ ಸರಿಸುಮಾರು ನಡುವೆ ಬರುತ್ತದೆ. ಈ ದಾರಿ ಜೋಜಿಲಾ ಕಣಿವೆಮಾರ್ಗದ ಮೇಲೆ ಹೋಗುತ್ತದೆ, 3,500 ಮೀಟರಿಗೂ ಎತ್ತರದಲ್ಲಿ. ಚಳಿಗಾಲದಲ್ಲಿ ಹಿಮ ಬಿದ್ದರೆ ದಾರಿ ಬಂದ್. ಮನಾಲಿ ಕಡೆಯ ಹೆದ್ದಾರಿಯೂ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಆಗ ಉಳಿಯುವುದು ವಿಮಾನ. ಕಾರ್ಗಿಲ್ ಜನರಿಗಾಗಿ ವಾಯುಪಡೆಯ ವಿಮಾನ ಓಡಿಸುವ ವ್ಯವಸ್ಥೆ ಇದೆ, ಅದನ್ನು ಕಾರ್ಗಿಲ್ ಕೊರಿಯರ್ ಅನ್ನುತ್ತಾರೆ. ಅದೂ ಹವಾಮಾನ ಒಪ್ಪಿದರೆ ಮಾತ್ರ.

ಈಗ ಪರೀಕ್ಷೆಯ ತಾರೀಖು ನೋಡಿ. ಜೆಇಇ ಮೇನ್ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಏಪ್ರಿಲ್. ಎರಡು ಸಲ ಬರೆದು ಹೆಚ್ಚಿನ ಅಂಕ ಇಟ್ಟುಕೊಳ್ಳಬಹುದು ಎಂಬುದು ಎಲ್ಲರಿಗೂ ಸಮಾನ ಅವಕಾಶ ಅನ್ನಿಸುತ್ತದೆ. ಆದರೆ ಜನವರಿ ಅಂದರೆ ಲಡಾಖ್‌ನಲ್ಲಿ ದಾರಿ ಮುಚ್ಚಿರುವ ತಿಂಗಳು. ಒಳಗೇ ಕೇಂದ್ರ ಇಲ್ಲದಿದ್ದರೆ ಆ ಮಕ್ಕಳಿಗೆ ಎರಡು ಅವಕಾಶ ಬರೀ ಕಾಗದದ ಮೇಲೆ. ಪರೀಕ್ಷೆ ಎಲ್ಲಿ ಅನ್ನುವುದರಷ್ಟೇ ಯಾವಾಗ ಅನ್ನುವುದೂ ಮುಖ್ಯ ಎಂದು ಇಲ್ಲಿ ತಿಳಿಯುತ್ತದೆ.

ನೀಟ್ ಬರೆಯಲು ಲಡಾಖ್‌ನ ಮಕ್ಕಳು ತಮ್ಮ ಪ್ರದೇಶ ಬಿಟ್ಟು ಹೊರಗೆ ಹೋಗಬೇಕಿತ್ತು. ಲೇಹ್‌ನಲ್ಲಿ ಕೇಂದ್ರ ತೆರೆಯುತ್ತೇವೆ ಎಂದು ಶಿಕ್ಷಣ ಸಚಿವ ಧರ್ಮೇಂದ್ರ ಪ್ರಧಾನ್ ಹೇಳಿದ್ದು 2021ರ ಜುಲೈಯಲ್ಲಿ. ಅದೇ ವರ್ಷ ಪರೀಕ್ಷೆಯ ಊರುಗಳ ಸಂಖ್ಯೆ 155ರಿಂದ 198ಕ್ಕೆ ಏರಿತು. ಲೇಹ್‌ನಲ್ಲಿ ಕೇಂದ್ರ ಬಂದರೂ ಜಂಸ್ಕಾರ್‌ನ ಪದುಮ್‌ನಿಂದ ಕಾರ್ಗಿಲ್ ಮುಟ್ಟಲು 200 ಕಿ.ಮೀ.ಗೂ ಹೆಚ್ಚು, ಅಲ್ಲಿಂದ ಲೇಹ್ ಮತ್ತೆ 200ರ ಮೇಲೆ. ಆದರೂ ಹಿಮದ ಕಣಿವೆ ದಾಟಿ ಇನ್ನೊಂದು ರಾಜ್ಯಕ್ಕೆ ಹೋಗುವುದಕ್ಕೂ ತಮ್ಮದೇ ಪ್ರದೇಶದಲ್ಲಿ ಬರೆಯುವುದಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ?

ಒಂದೇ ಶಿಫ್ಟ್ ಕೇಳಿದರೆ ಏನಾಗುತ್ತದೆ

ಕಂಪ್ಯೂಟರ್ ಪರೀಕ್ಷೆಯಲ್ಲಿ ಎಲ್ಲರನ್ನೂ ಒಂದೇ ಹೊತ್ತಿಗೆ ಕೂರಿಸಲು ಅಷ್ಟು ಕಂಪ್ಯೂಟರ್ ಇರುವುದಿಲ್ಲ. ಅದಕ್ಕೇ ಶಿಫ್ಟ್‌ಗಳು. 2025ರ ಜನವರಿಯಲ್ಲಿ ಜೆಇಇ ಮೇನ್‌ನ ಇಂಜಿನಿಯರಿಂಗ್ ಪತ್ರಿಕೆಯನ್ನು ಸುಮಾರು 12.5 ಲಕ್ಷ ಮಕ್ಕಳು ಐದು ದಿನ, ಹತ್ತು ಶಿಫ್ಟ್‌ಗಳಲ್ಲಿ ಬರೆದರು. ಪ್ರತಿ ಶಿಫ್ಟ್‌ಗೂ ಪತ್ರಿಕೆ ಬೇರೆ. ಒಂದು ಕಷ್ಟ, ಒಂದು ಸುಲಭ ಆಗಬಹುದು. ಹಾಗಾಗಿ ನೇರ ಅಂಕದ ಬದಲು ಪರ್ಸೆಂಟೈಲ್, ಅಂದರೆ ಅದೇ ಶಿಫ್ಟ್‌ನಲ್ಲಿ ಬರೆದವರಲ್ಲಿ ನೂರಕ್ಕೆ ಎಷ್ಟು ಮಂದಿಗಿಂತ ಮುಂದಿದ್ದೀರಿ ಎಂಬ ಲೆಕ್ಕ ಹಾಕುತ್ತಾರೆ. ಇದರ ಮೇಲೆ ಮಕ್ಕಳಿಗೆ ಅನುಮಾನ ಇದ್ದೇ ಇದೆ. ನನ್ನ ಪತ್ರಿಕೆ ಕಷ್ಟ ಇತ್ತು, ಅವನದು ಸುಲಭ ಇತ್ತು ಎಂಬ ಕೊರಗು.

ವೈದ್ಯರ ನೀಟ್ ಪಿಜಿಯಲ್ಲಿ ಈ ಕೊರಗು ಕೋರ್ಟಿನವರೆಗೆ ಹೋಯಿತು. 2024ರ ಜೂನ್ 23ಕ್ಕೆ ಇದ್ದ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿದರು. ಆಗಸ್ಟ್ 11ಕ್ಕೆ ಎರಡು ಶಿಫ್ಟ್‌ಗಳಲ್ಲಿ ನಡೆಸಿದರು. ಆಗ 170 ಊರುಗಳಲ್ಲಿ 416 ಕೇಂದ್ರಗಳಿದ್ದವು. ನೂರಾರು ಕಿ.ಮೀ. ದೂರದ ಊರು ಬಂತು ಎಂದು ಬಹಳ ಮಂದಿ ದೂರಿದರು. ಮುಂದಿನ ವರ್ಷ ಎರಡು ಶಿಫ್ಟ್ ಅನ್ಯಾಯ, ಒಂದೇ ಶಿಫ್ಟ್ ಮಾಡಿ ಎಂದು 2025ರ ಮೇ 30ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಅದಕ್ಕೆ ಕೇಂದ್ರಗಳನ್ನು ಹುಡುಕಲು ಸಮಯ ಬೇಕೆಂದು ಪರೀಕ್ಷೆ ಜೂನ್ 15ರಿಂದ ಆಗಸ್ಟ್ 3ಕ್ಕೆ ಹೋಯಿತು. ಕೊನೆಗೆ 2.42 ಲಕ್ಷ ವೈದ್ಯರಿಗೆ 301 ಊರುಗಳಲ್ಲಿ 1,052 ಕೇಂದ್ರ ಸಿದ್ಧವಾಯಿತು.

ಈ ಅಂಕಿಗಳನ್ನು ಸ್ವಲ್ಪ ನಿಂತು ನೋಡಬೇಕು. ಒಂದೇ ವರ್ಷದಲ್ಲಿ ಕೇಂದ್ರಗಳು ಎರಡೂವರೆ ಪಟ್ಟಾದವು, ಊರುಗಳೂ ಒಂದೂಮುಕ್ಕಾಲು ಪಟ್ಟು ಆದವು. ನಮ್ಮಲ್ಲಿ ಕೇಂದ್ರ ಇಲ್ಲ, ಸಿಗುವುದಿಲ್ಲ ಅನ್ನುವ ಮಾತು ಪೂರ್ತಿ ನಿಜವಲ್ಲ ಎಂದಾಯಿತು. ಕೋವಿಡ್ ವರ್ಷದಲ್ಲೂ ಹೀಗೇ ಆಗಿತ್ತು. 2020ರ ನೀಟ್‌ಗೆ ಒಂದು ಕೊಠಡಿಯಲ್ಲಿ 24 ಮಕ್ಕಳ ಬದಲು 12 ಮಕ್ಕಳನ್ನು ಕೂರಿಸಬೇಕಾಯಿತು. ಕೇಂದ್ರಗಳು 2,546ರಿಂದ 3,843ಕ್ಕೆ ಏರಿದವು. ಒತ್ತಾಯ ಬಂದಾಗ ಕೇಂದ್ರ ಹುಟ್ಟುತ್ತದೆ. ಕೋರ್ಟಿನ ಒತ್ತಾಯ ಇತ್ತು, ರೋಗದ ಒತ್ತಾಯ ಇತ್ತು. ದೂರದ ಊರಿನ ಮಗುವಿನ ಕಷ್ಟಕ್ಕೆ ಅಂಥ ಒತ್ತಾಯ ಇನ್ನೂ ಸಿಕ್ಕಿಲ್ಲ.

ಆದರೆ ನೀಟ್ ಪಿಜಿ ಲೆಕ್ಕವನ್ನು ಹಾಗೇ ಪಿಯು ಮಕ್ಕಳು ಬರೆಯುವ ನೀಟ್ ಯುಜಿಗೆ ಎತ್ತಿ ಹಾಕಲು ಆಗುವುದಿಲ್ಲ. ಅಲ್ಲಿ ಎರಡೂವರೆ ಲಕ್ಷ ಜನ, ಇಲ್ಲಿ ಇಪ್ಪತ್ತೆರಡು ಲಕ್ಷದ ಮೇಲೆ. ಇಷ್ಟು ಮಕ್ಕಳಿಗೆ ಒಂದೇ ಹೊತ್ತಿಗೆ ಕಂಪ್ಯೂಟರ್ ಕೊಡುವುದು ಸದ್ಯಕ್ಕೆ ಆಗದ ಮಾತು. ಅದಕ್ಕೇ 2025ರಲ್ಲೂ ನೀಟ್ ಪೆನ್ನು-ಪೇಪರಿನಲ್ಲೇ, ಒಂದೇ ದಿನ, ಒಂದೇ ಶಿಫ್ಟ್‌ನಲ್ಲಿ ನಡೆಯಿತು.

ಇಷ್ಟ ಬಂದ ಊರು ಕೊಟ್ಟರೆ ಅಪಾಯವೂ ಇದೆ

ಕೇಳಿದ ಊರನ್ನೇ ಕೊಟ್ಟುಬಿಟ್ಟರೆ ಆಯಿತಲ್ಲ ಎಂದು ಅನ್ನಿಸುವುದು ಸಹಜ. ಅದಕ್ಕೆ ಅಡ್ಡ ಬಂದದ್ದು 2024ರ ಗೋಧ್ರಾ. ಗುಜರಾತಿನ ಆ ಊರಿನ ಕೇಂದ್ರಕ್ಕೆ ದೂರದ ರಾಜ್ಯಗಳಿಂದ ಮಕ್ಕಳು ಬಂದು ಬರೆಯಲು ಹೊರಟಿದ್ದರು, ಅಲ್ಲಿ ಉತ್ತರ ತುಂಬಿಸುವ ಒಪ್ಪಂದ ಆಗಿತ್ತು ಎಂಬ ಆರೋಪ ಬಂತು, ಕೇಸೂ ಆಯಿತು. ಸಾವಿರ ಕಿ.ಮೀ. ದೂರದ ಊರನ್ನು ಯಾರಾದರೂ ತಾವಾಗಿ ಆರಿಸಿಕೊಂಡರೆ ಅನುಮಾನ ಬರಲೇಬೇಕು.

ಇದಾದ ಮೇಲೆ ಎರಡು ವಾದ ಎದ್ದವು. ಊರನ್ನು ಲಾಟರಿಯಂತೆ ಕಂಪ್ಯೂಟರೇ ಹಂಚಲಿ, ಆಗ ಮೊದಲೇ ಸಂಚು ಮಾಡಲು ಆಗುವುದಿಲ್ಲ ಎಂಬುದು ಒಂದು. ಮಗುವಿಗೆ ಮನೆ ಹತ್ತಿರದ ಊರನ್ನೇ ಕೊಡಿ, ದೂರದ್ದನ್ನು ಆರಿಸಲು ಬಿಡಬೇಡಿ ಎಂಬುದು ಇನ್ನೊಂದು. ಎರಡೂ ಮೋಸ ತಡೆಯುತ್ತವೆ. ಆದರೆ ಮೊದಲನೆಯದು ಪ್ರಾಮಾಣಿಕ ಮಗುವನ್ನೂ ಊರೂರು ಅಲೆಸುತ್ತದೆ. ಎರಡನೆಯದು ಮೋಸವನ್ನೂ ತಡೆದು ಪ್ರಯಾಣವನ್ನೂ ಉಳಿಸುತ್ತದೆ. ಇಲ್ಲಿ ಎರಡನೇ ವಾದವೇ ಸರಿ, ಇದರಲ್ಲಿ ಅನುಮಾನ ಬೇಡ. ಅದರಲ್ಲಿ ಇರುವ ತೊಡಕು ಒಂದೇ. ಹತ್ತಿರದಲ್ಲಿ ಕೇಂದ್ರ ಇದ್ದರೆ ತಾನೆ ಕೊಡುವುದು?

ಅಲಾಸ್ಕಾದವರು ಏನು ಮಾಡಿದರು

ದೂರದ ಉತ್ತರದ ಸಮಸ್ಯೆ ನಮ್ಮದೊಂದೇ ಅಲ್ಲ. ಅಮೆರಿಕದ ಅಲಾಸ್ಕಾ ರಾಜ್ಯ 17 ಲಕ್ಷ ಚದರ ಕಿ.ಮೀ. ದೊಡ್ಡದು. ಜನ 2020ರ ಗಣತಿಯಲ್ಲಿ 7.3 ಲಕ್ಷ. ಅಲ್ಲಿನ ಐದರಲ್ಲಿ ನಾಲ್ಕು ಊರುಗಳಿಗೆ ಹೆದ್ದಾರಿಯ ಸಂಪರ್ಕವೇ ಇಲ್ಲ, ಸಣ್ಣ ವಿಮಾನ ಅಥವಾ ದೋಣಿಯೇ ಗತಿ. ರಾಜಧಾನಿ ಜೂನೋಗೂ ಹೊರಗಿನಿಂದ ರಸ್ತೆ ಇಲ್ಲ.

ಅಲ್ಲಿನ ಕಾಲೇಜು ಪ್ರವೇಶಕ್ಕೆ ಬಳಸುವ ಎಸ್‌ಎಟಿ ಪರೀಕ್ಷೆ 2024ರ ಮಾರ್ಚ್‌ನಿಂದ ಪೂರ್ತಿ ಡಿಜಿಟಲ್ ಆಯಿತು. ಮಗು ತನ್ನದೇ ಲ್ಯಾಪ್‌ಟಾಪ್ ತರಬಹುದು, ಇಲ್ಲದವರು ಎರವಲು ಕೇಳಬಹುದು. ಪರೀಕ್ಷೆ ನಡುವೆ ಇಂಟರ್ನೆಟ್ ಕಡಿದರೂ ಬರೆಯುವುದು ನಿಲ್ಲುವುದಿಲ್ಲ. ಪ್ರತಿ ಮಗುವಿಗೂ ಪ್ರಶ್ನೆಗಳ ಜೋಡಣೆ ಬೇರೆ. ಹಾಗಾಗಿ ದೊಡ್ಡ ಲ್ಯಾಬ್ ಬೇಕಿಲ್ಲ, ಪತ್ರಿಕೆ ಕಾಯುವ ಲಾಕರೂ ಬೇಕಿಲ್ಲ. ಶಾಲೆ ತನ್ನ ಮಕ್ಕಳಿಗೆ ಶಾಲಾ ದಿನದಲ್ಲೇ ಪರೀಕ್ಷೆ ಕೊಡುವ ಪದ್ಧತಿಯೂ ಇದೆ. ಕಂಪ್ಯೂಟರ್ ಬಂದರೆ ಕೇಂದ್ರ ದೂರ ಆಗಲೇಬೇಕು ಎಂದೇನಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಹಾಗೆಂದು ಇದನ್ನು ತಂದು ಇಲ್ಲಿ ಹಾಗೇ ಅಂಟಿಸಲು ಆಗುವುದಿಲ್ಲ. ಅಲ್ಲಿ ಎಸ್‌ಎಟಿ ಅಂಕ ಪ್ರವೇಶದ ಒಂದು ಭಾಗ ಮಾತ್ರ, ಅದನ್ನು ಕೇಳದ ಕಾಲೇಜುಗಳೂ ಬೇಕಾದಷ್ಟಿವೆ. ಇಲ್ಲಿ ನೀಟ್‌ನಲ್ಲಿ ಒಂದೆರಡು ಪ್ರಶ್ನೆ ತಪ್ಪಿದರೆ ರ‍್ಯಾಂಕ್ ಸಾವಿರಗಟ್ಟಲೆ ಕೆಳಗಿಳಿಯುತ್ತದೆ, ಸರ್ಕಾರಿ ಸೀಟು ಕೈತಪ್ಪುತ್ತದೆ. ಆಸೆ ಅಷ್ಟು ದೊಡ್ಡದಾದಾಗ ಮೋಸದ ಒತ್ತಡವೂ ದೊಡ್ಡದು. ಮನೆಯ ಲ್ಯಾಪ್‌ಟಾಪ್ ತರಲು ಬಿಡುವುದು ಇಲ್ಲಿ ಸಾಧ್ಯವಿಲ್ಲ. ಕಲಿಯಬೇಕಾದ್ದು ಬೇರೆ: ಸಾಕಷ್ಟು ದೊಡ್ಡ ಪ್ರಶ್ನೆ ಭಂಡಾರ ಇದ್ದರೆ ಎಲ್ಲರೂ ಒಂದೇ ಹೊತ್ತಿಗೆ ಕೂರಬೇಕಿಲ್ಲ. ಒಂದೇ ಹೊತ್ತು ಬೇಡ ಎಂದಾದರೆ ಸಣ್ಣ ಊರಿನ ಸಣ್ಣ ಲ್ಯಾಬ್ ಕೂಡ ಕೇಂದ್ರ ಆಗಬಲ್ಲದು.

ಸಮಿತಿ ಹೇಳಿದ್ದು

2024ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಇಸ್ರೋದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ನೇತೃತ್ವದಲ್ಲಿ ಸಮಿತಿ ಮಾಡಿತು. ಅದು 101 ಶಿಫಾರಸು ಕೊಟ್ಟಿತು. ನಮ್ಮ ವಿಷಯಕ್ಕೆ ತಾಗುವ ಕೆಲವನ್ನು ನೋಡೋಣ. ಸಾಧ್ಯವಾದ ಕಡೆ ಕಂಪ್ಯೂಟರ್ ಪರೀಕ್ಷೆ, ಹಲವು ಶಿಫ್ಟ್‌ಗಳಲ್ಲಿ. ಖಾಸಗಿ ಲ್ಯಾಬ್ ನೆಚ್ಚಿಕೊಳ್ಳದೆ ಕೇಂದ್ರೀಯ ವಿದ್ಯಾಲಯ, ನವೋದಯದಂಥ ಸರ್ಕಾರಿ ಶಾಲೆಗಳಲ್ಲಿ ಸ್ವಂತ ಕೇಂದ್ರ ಕಟ್ಟುವುದು. ಪೇಪರ್ ಬೇಕೇ ಬೇಕು ಅನ್ನುವ ಕಡೆ ಪತ್ರಿಕೆಯನ್ನು ಡಿಜಿಟಲ್ ಆಗಿ ಕಳಿಸಿ ಕೇಂದ್ರದಲ್ಲೇ ಮುದ್ರಿಸುವುದು. ಹಿಮಾಲಯ, ಈಶಾನ್ಯದಂಥ ದೂರದ ಕಡೆಗೆ ಸಂಚಾರಿ ಕೇಂದ್ರ, ಅಂದರೆ ಕಂಪ್ಯೂಟರ್ ಮತ್ತು ಸರ್ವರ್ ಹೊತ್ತ ವ್ಯವಸ್ಥೆಯೇ ಮಕ್ಕಳ ಬಳಿ ಹೋಗುವುದು.

ಇವುಗಳಲ್ಲಿ ಹೆಚ್ಚು ಬೆಲೆಯುಳ್ಳದ್ದು ನವೋದಯ ಶಾಲೆಗಳ ಮಾತು. ಯಾಕೆಂದರೆ ನವೋದಯ ಇರುವುದೇ ಹಳ್ಳಿ ಮಕ್ಕಳಿಗಾಗಿ, ಸಾಮಾನ್ಯವಾಗಿ ಜಿಲ್ಲೆಗೊಂದು. ಅಲ್ಲಿ ಶಾಶ್ವತ ಲ್ಯಾಬ್ ಆದರೆ ಪರೀಕ್ಷೆಯ ದಿನ ಕೇಂದ್ರ, ಉಳಿದ ದಿನ ಮಕ್ಕಳಿಗೆ ಕಲಿಯುವ ಜಾಗ. ಸಂಚಾರಿ ಕೇಂದ್ರ ಒಳ್ಳೆಯದೇ. ಆದರೆ ರಸ್ತೆ ಮುಚ್ಚಿದರೆ ಅದೂ ಮಕ್ಕಳಂತೆಯೇ ಕಣಿವೆಯ ಈಚೆ ನಿಲ್ಲಬೇಕಾಗುತ್ತದೆ.

ಸಮಿತಿ ಒಂದು ಶಿಫ್ಟ್‌ಗೆ ಹೆಚ್ಚೆಂದರೆ ಎರಡು ಲಕ್ಷ ಮಕ್ಕಳು ಸಾಕು ಎಂದಿದೆ. ಹಾಗಾದರೆ 22 ಲಕ್ಷ ಮಕ್ಕಳ ನೀಟ್‌ಗೆ ಕನಿಷ್ಠ 11 ಶಿಫ್ಟ್ ಬೇಕು. ಅಂದರೆ ಪರ್ಸೆಂಟೈಲ್ ತಕರಾರು ನೀಟ್‌ಗೂ ಬರುತ್ತದೆ. ನೀಟ್ ಪಿಜಿಯಲ್ಲಿ ಎರಡು ಶಿಫ್ಟ್ ಅನ್ಯಾಯ ಎಂದ ಕೋರ್ಟಿನ ಮಾತಿಗೂ ಹನ್ನೊಂದು ಶಿಫ್ಟ್ ಸರಿ ಎನ್ನುವ ಸಮಿತಿಯ ಮಾತಿಗೂ ಹೊಂದಾಣಿಕೆ ಎಲ್ಲಿ? ಓದುಗರಿಗೆ ಗೊಂದಲ ಆಗುವುದು ಇಲ್ಲೇ. ಕೋರ್ಟ್ ನೋಡಿದ್ದು ಅಂಕದ ನ್ಯಾಯ. ಸಮಿತಿ ನೋಡಿದ್ದು ಸೋರಿಕೆಯ ಅಪಾಯ. ಎರಡನ್ನೂ ಒಟ್ಟಿಗೆ ಈಡೇರಿಸಬೇಕಾದರೆ ಕೇಂದ್ರಗಳು ಈಗಿನದಕ್ಕಿಂತ ಎಷ್ಟೋ ಪಟ್ಟು ಆಗಬೇಕು. ಆಗದಿದ್ದರೆ ಕೊರತೆ ತುಂಬುವುದು ಮಕ್ಕಳ ಪ್ರಯಾಣದಿಂದಲೇ.

ಕರಾವಳಿಗೆ ಇದರಿಂದ ಏನು

ದಕ್ಷಿಣ ಕನ್ನಡ ಮತ್ತು ಉಡುಪಿಗೆ ಕಂಪ್ಯೂಟರ್ ಪರೀಕ್ಷೆ ಬಂದರೆ ಲ್ಯಾಬ್ ಕೊರತೆ ಅಷ್ಟಾಗಿ ಕಾಡದು. ಸುರತ್ಕಲ್, ಮಣಿಪಾಲ, ನಿಟ್ಟೆ, ಮೂಡುಬಿದಿರೆ, ಬಂಟಕಲ್ ಎಲ್ಲ ಕಡೆ ಇಂಜಿನಿಯರಿಂಗ್ ಕಾಲೇಜುಗಳಿವೆ. ಆದರೆ ಇಲ್ಲಿನ ಒತ್ತಡ ಬೇರೆ ರೀತಿಯದು. ಪಿಯುಸಿ ಫಲಿತಾಂಶದಲ್ಲಿ ಈ ಎರಡು ಜಿಲ್ಲೆ ಮುಂದೆ. 2025ರಲ್ಲಿ ಉಡುಪಿ ಶೇ. 93.90ರೊಂದಿಗೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಈ ಹೆಸರಿನಿಂದಾಗಿ ರಾಜ್ಯದ ಎಲ್ಲ ಕಡೆಯಿಂದ ಮಕ್ಕಳು ಇಲ್ಲಿನ ಹಾಸ್ಟೆಲ್‌ಗಳಿಗೆ ಬಂದು ಓದುತ್ತಾರೆ. ಪರೀಕ್ಷೆ ಬರೆಯುವ ಮಕ್ಕಳ ಸಂಖ್ಯೆ ಇಲ್ಲಿನ ಜನಸಂಖ್ಯೆಯ ಲೆಕ್ಕಕ್ಕಿಂತ ಜಾಸ್ತಿ ಆಗುತ್ತದೆ. ಸೀಟು ತುಂಬಿದರೆ ಹೆಚ್ಚಾದವರು ಮುಂದಿನ ಊರಿಗೆ. ಹೀಗೆ ದೂರದ ಊರು ಬರುವುದಕ್ಕೆ ನಾವು ತಪ್ಪು ತುಂಬಿದ್ದೇ ಕಾರಣ ಎಂದೇನಿಲ್ಲ. ಮಕ್ಕಳು ತಮ್ಮನ್ನು ತಾವೇ ಬೈದುಕೊಳ್ಳುವುದು ಬೇಡ.

ಕಷ್ಟ ಜಾಸ್ತಿ ಇರುವುದು ಉತ್ತರಕ್ಕೆ ಹೋದಂತೆ. ಬೈಂದೂರಿನಿಂದ ಉಡುಪಿಗೆ 70 ಕಿ.ಮೀ. ಮೇಲೆ. ಕಾರವಾರದಿಂದ ಮಂಗಳೂರಿಗೆ 270ರ ಆಸುಪಾಸು. ಜೋಯಿಡಾದ ಕಾಡಿನೊಳಗಿನ ಹಳ್ಳಿಗಳಿಂದ ಮೊದಲು ತಾಲೂಕು ಕೇಂದ್ರ ಸೇರುವುದೇ ಒಂದು ಪ್ರಯಾಣ. ಲಡಾಖ್‌ಗೆ ಹಿಮ ಹೇಗೋ ನಮಗೆ ಮಳೆ ಹಾಗೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ (ಬೈಂದೂರಿನ ಶಿರೂರಲ್ಲ) ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು. ಶಿರಾಡಿ ಘಾಟಿಯೂ ಮಳೆಗಾಲದಲ್ಲಿ ಆಗಾಗ ಮುಚ್ಚುತ್ತದೆ. ಮೇ ತಿಂಗಳಿನ ಪರೀಕ್ಷೆ ಮುಂದೂಡಿ ಜುಲೈ, ಆಗಸ್ಟ್‌ಗೆ ಹೋದರೆ ದೆಹಲಿಯವರಿಗೆ ಅದು ಬರೀ ತಾರೀಖು. ಘಟ್ಟ ಹತ್ತಿ ಇಳಿಯಬೇಕಾದವರಿಗೆ ಹಾಗಲ್ಲ.

ಗಡಿ ಆಚೆಗೂ ಒಂದು ವಿಷಯ ಇದೆ. ಮಂಜೇಶ್ವರ, ಕಾಸರಗೋಡಿನ ಕನ್ನಡದ ಮಕ್ಕಳಿಗೆ ಮಂಗಳೂರು ಮನೆ ಬಾಗಿಲಿನಷ್ಟು ಹತ್ತಿರ, ಆದರೆ ರಾಜ್ಯ ಬೇರೆ. ಊರುಗಳ ಪಟ್ಟಿ ವಿಳಾಸದ ಮೇಲೆ ನಿಂತಿರುವುದರಿಂದ ಕಾಯಂ ವಿಳಾಸ, ಈಗಿನ ವಿಳಾಸ ಎರಡನ್ನೂ ಸರಿಯಾಗಿ ತುಂಬುವುದು ಅವರಿಗೆ ಬಹಳ ಮುಖ್ಯ.

ತಡವಾದ ರೈಲು

ದೂರ ಅನ್ನುವುದು ಖರ್ಚಿನ ವಿಷಯ ಮಾತ್ರ ಆಗಿದ್ದರೆ ಸಹಿಸಬಹುದಿತ್ತು. 2019ರ ಮೇ 5ರಂದು ಬಳ್ಳಾರಿ, ಹೊಸಪೇಟೆ, ಕೊಪ್ಪಳ ಕಡೆಯ ನೂರಾರು ಮಕ್ಕಳು ಬೆಂಗಳೂರಿನಲ್ಲಿ ನೀಟ್ ಬರೆಯಲು ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ದರು. ರೈಲು ಸುಮಾರು ಏಳು ಗಂಟೆ ತಡವಾಯಿತು. ಕೇಂದ್ರದ ಗೇಟು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತದೆ. ಒಂದು ವರ್ಷ ಓದಿದ್ದು ರೈಲಿನೊಳಗೇ ಉಳಿಯಿತು. ರಾಜ್ಯವಿಡೀ ಕೂಗು ಎದ್ದ ಮೇಲೆ ಮೇ 20ರಂದು ಆ ಮಕ್ಕಳಿಗೆ ಮರುಪರೀಕ್ಷೆ ಸಿಕ್ಕಿತು. ನೂರಾರು ಮಂದಿ ಒಂದೇ ರೈಲಿನಲ್ಲಿ ಇದ್ದದ್ದರಿಂದ ಅದು ಸುದ್ದಿಯಾಯಿತು. ಒಬ್ಬಳೇ ಹುಡುಗಿಯ ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತರೆ ಮರುಪರೀಕ್ಷೆ ಕೇಳುವವರು ಯಾರು?

ಆ ವರ್ಷ ದೇಶದಲ್ಲಿ ನೀಟ್ ನಡೆದದ್ದು 154 ಊರುಗಳಲ್ಲಿ. 2024ರ ಹೊತ್ತಿಗೆ 557 ಆಯಿತು. ಇದು ನಿಜಕ್ಕೂ ದೊಡ್ಡ ಸುಧಾರಣೆ, ಮೆಚ್ಚಬೇಕು. ಇದೆಲ್ಲ ಆದದ್ದು ಪೆನ್ನು-ಪೇಪರ್ ಇದ್ದಾಗ. ಕಂಪ್ಯೂಟರಿಗೆ ಹೋಗುವಾಗ ಈ ಪಟ್ಟಿ ಕುಗ್ಗಬಾರದು. ಇಂತಿಷ್ಟು ಕಿಲೋಮೀಟರಿಗಿಂತ ದೂರ ಯಾವ ಮಗುವನ್ನೂ ಕಳಿಸುವುದಿಲ್ಲ, ಕಳಿಸಿದರೆ ಪ್ರಯಾಣದ ಖರ್ಚು ನಮ್ಮದು ಎಂಬ ನಿಯಮ ಅಧಿಸೂಚನೆಯಲ್ಲೇ ಬರಬೇಕು. ಖರ್ಚು ತನ್ನ ಲೆಕ್ಕಪುಸ್ತಕಕ್ಕೆ ಬಂದ ದಿನ ಸಂಸ್ಥೆಗೆ ಸಣ್ಣ ಊರಿನ ಕೇಂದ್ರ ದುಬಾರಿ ಅನ್ನಿಸುವುದಿಲ್ಲ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದ್ದೂ ಇದೆ. ಅಧಿಸೂಚನೆ ಬಂದಾಗ ತಾರೀಖು, ಶುಲ್ಕ ನೋಡಿ ಸುಮ್ನೆ ಮುಚ್ಚಿಡಬೇಡಿ. ಕೊನೆಯ ಪುಟಗಳಲ್ಲಿ ಪರೀಕ್ಷೆಯ ಊರುಗಳ ಪಟ್ಟಿ ಇರುತ್ತದೆ, ಅದನ್ನು ಓದಿ. ಹೋದ ವರ್ಷದ ಪಟ್ಟಿಯ ಜೊತೆ ಹೋಲಿಸಿ. ಆಯ್ಕೆ ತುಂಬುವಾಗ ನಕ್ಷೆಯಲ್ಲಿ ಹತ್ತಿರ ಕಾಣುವ ಊರಿಗಿಂತ ನೇರ ಬಸ್ಸು ಅಥವಾ ರೈಲು ಇರುವ ಊರು ಮೊದಲು ಹಾಕಿ. ತಿದ್ದುಪಡಿಗೆ ಕೊಡುವ ಕೆಲವು ದಿನಗಳು ಮುಗಿದ ಮೇಲೆ ಊರು ಬದಲಿಸಲು ಬರುವುದಿಲ್ಲ, ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಸಿಟಿ ಸ್ಲಿಪ್ ಬಂದ ದಿನವೇ ಟಿಕೆಟ್ ಬುಕ್ ಮಾಡಿ, ಹಾಲ್ ಟಿಕೆಟ್‌ಗೆ ಕಾಯಬೇಡಿ.

ನಿಮ್ಮ ಊರು ಪಟ್ಟಿಯಲ್ಲಿ ಇರಬೇಕಿತ್ತು ಎಂದು ಅನ್ನಿಸಿದರೆ ಅರ್ಜಿಯ ಗಡುವು ಮುಗಿಯುವ ಮೊದಲೇ ಕಾಲೇಜಿನ ಮೂಲಕ ಜಿಲ್ಲಾಧಿಕಾರಿಗೆ, ಸಂಸದರಿಗೆ ಬರೆದು ಕೊಡಿ. ಎಷ್ಟು ಮಕ್ಕಳಿದ್ದಾರೆ, ಯಾವ ಕಾಲೇಜಿನಲ್ಲಿ ಎಷ್ಟು ಕೊಠಡಿ, ಎಷ್ಟು ಕಂಪ್ಯೂಟರ್ ಇದೆ ಎಂದು ಅಂಕಿ ಸಮೇತ ಬರೆಯಿರಿ. 2021ರಲ್ಲಿ ಲೇಹ್‌ಗೆ ಕೇಂದ್ರ ಸಿಕ್ಕಿದ್ದು ಲಡಾಖ್‌ನ ಸಂಸದರು ಶಿಕ್ಷಣ ಸಚಿವರ ಎದುರು ಕೂತು ಮಾತಾಡಿದ ಮೇಲೆ. ಆ ವರ್ಷ ಅಲ್ಲಿನ ಮಕ್ಕಳು ಸೆಪ್ಟೆಂಬರ್ 12ರಂದು ತಮ್ಮದೇ ನೆಲದಲ್ಲಿ ಕೂತು ನೀಟ್ ಬರೆಯುವಂತಾಯಿತು.